ಬಾಟ್ಲಿ ತೆರೆದು ಹೊರಗಿಟ್ಟವರು ನೀವು, ದಂಡ ಕಟ್ಟುವುದು ನಾನಾ?

ನಾನು ಮಾಲು ಹಾಕುವ ಒಂದು ದೊಡ್ಡ ಅಂಗಡಿಯ ಮ್ಯಾನೇಜರ್, ನಾನೇ ಕೊಟ್ಟ ಸ್ಪೇನಿನ ಸುಟ್ಟ ಮೆಣಸಿನ ಬಾಟ್ಲಿಯನ್ನು ತಂದು ನನ್ನ ಮೂಗಿಗೇ ಹಿಡಿದ. ಬಿಲ್ಲಿಂಗ್ ಕೌಂಟರಿನಲ್ಲಿ, ಸಾಲು ನಿಂತ ಗಿರಾಕಿಗಳ ಎದುರು. "ಅಣ್ಣ, ಇದನ್ನ ನಿಮ್ಮ ಮನೆ ಮಕ್ಕಳಿಗೆ ಕೊಡ್ತೀರಾ?" ಅಂತ ಕೇಳಿದ. ನೋಡಿದರೆ ಬಾಟ್ಲಿಯ ಬಾಯಲ್ಲಿ ಬೂಷ್ಟು.

ಬರದೆ ಇರುತ್ತದಾ ಮಾರಾಯ್ರೇ? ಯಾರೋ ರುಚಿ ನೋಡಲಿಕ್ಕೆ ಕೇಳಿದರು ಅಂತ ಅಂಗಡಿಯವರೇ ಒಂದು ಬಾಟ್ಲಿ ತೆರೆದಿದ್ದಾರೆ. ಆಮೇಲೆ ಮುಚ್ಚಳ ಹಾಕಿ ಮತ್ತೆ ಶೆಲ್ಫಿನಲ್ಲೇ ಇಟ್ಟಿದ್ದಾರೆ. ಫ್ರಿಜ್ಜು ಎರಡು ಹೆಜ್ಜೆ ದೂರದಲ್ಲಿದೆ, ಅದರ ತುಂಬ ಕೋಲಾ. ಕಾಸರಗೋಡಿನ ಮಳೆಗಾಲದಲ್ಲಿ ಉಪ್ಪಿನ ಡಬ್ಬಿಯೇ ನೀರಾಗುತ್ತದೆ. ತೆರೆದ ಮೆಣಸಿನ ಬಾಟ್ಲಿ ಹೊರಗಿದ್ದರೆ ಬೂಷ್ಟು ಹಿಡಿಯದೆ ಏನಾಗಬೇಕಿತ್ತು? ತೆರೆದ ಮೇಲೆ ಫ್ರಿಜ್ಜಿನಲ್ಲಿಡಿ ಅಂತ ಲೇಬಲ್ಲಿನಲ್ಲಿ ಬರೆದಿದೆ. ಮಾಲು ಇಳಿಸಿದ ದಿನ ನಾನೂ ಬಾಯಿ ಬಿಟ್ಟು ಹೇಳಿದ್ದೆ. "ಆಯ್ತು ಅಣ್ಣ, ಆಯ್ತು" ಅಂದಿದ್ದ ಇದೇ ಮನುಷ್ಯ.

ಅಷ್ಟಕ್ಕೇ ಬಿಟ್ಟಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಹೊಸ ಬಾಟ್ಲಿ ಒಂದನ್ನ ಟಪ್ ಅಂತ ತೆರೆದ. ಚಮಚದಲ್ಲಿ ಒಂದು ಮೆಣಸು ಎತ್ತಿ ಬಿಲ್ಲಿನ ಕಾಗದದ ಮೇಲೆ ಹಾಕಿದ. ಪೆನ್ನಿನ ತುದಿಯಲ್ಲಿ ಅದರ ಮೇಲಿನ ಕಪ್ಪು ಚುಕ್ಕೆ ತೋರಿಸಿದ. "ಇದೆಂತ? ಹುಳವಾ?" ಹಿಂದೆ ನಿಂತ ಹೆಂಗಸೊಬ್ಬರು ಬಗ್ಗಿ ನೋಡಿದರು. ನೋಡಿ ತಮ್ಮ ಬುಟ್ಟಿಯಲ್ಲಿದ್ದ ಬಾಟ್ಲಿ ತೆಗೆದು ಪಕ್ಕಕ್ಕಿಟ್ಟರು. ಅದು ನನ್ನ ಮಾಲಲ್ಲ, ಬೇರೆ ಯಾರದ್ದೋ ಉಪ್ಪಿನಕಾಯಿ! "ಮೆಣಸು ಬೆಂಕಿಯಲ್ಲಿ ಸುಟ್ಟದ್ದು, ಅದು ಸುಟ್ಟ ಸಿಪ್ಪೆಯ ಚೂರು" ಅಂದೆ. ಅವನು ಜೋರಾಗಿ ನಕ್ಕ. "ಸೀದು ಹೋದ ಮೆಣಸಿಗೆ ಇಷ್ಟು ರೇಟಾ?" ಎಲ್ಲರೂ ನಕ್ಕರು. ಪ್ಯಾಕಿಂಗ್ ಮಾಡುವ ಹುಡುಗನೂ ನಕ್ಕ. ಮಂಗಳೂರಿನಿಂದ ಕಾಞಂಗಾಡಿನವರೆಗೆ ಅಂಗಡಿ ಅಂಗಡಿಗೆ ಮಾಲು ಹಾಕುವವನು ನಾನು. ಯಾರ ಮುಂದೆಯೂ ಹೀಗೆ ಕಳ್ಳನ ಹಾಗೆ ನಿಂತವನಲ್ಲ. ಬಾಯಿಗೆ ಬಂದ ಮಾತು ಗಂಟಲಲ್ಲೇ ಉಳಿಯಿತು. ಈಗ ರಾತ್ರಿ ಕೂತು ಆ ಮಾತನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಮನೆಯಲ್ಲಿ ಬದನೆ ಸುಟ್ಟು ಗೊಜ್ಜು ಮಾಡುತ್ತೀರಲ್ಲ, ಸಿಪ್ಪೆ ಎಷ್ಟು ತೆಗೆದರೂ ಒಂದೆರಡು ಕಪ್ಪು ಚೂರು ಉಳಿಯುವುದಿಲ್ವಾ? ಇದೂ ಅಷ್ಟೇ. ಇದು ಸ್ಪೇನಿನ ಪಿಕಿಯೊ ಮೆಣಸು. ಖಾರ ಇಲ್ಲವೇ ಇಲ್ಲ ಅನ್ನಬಹುದು, ಸಿಹಿ. ನವಾರಾ ಸೀಮೆಯಲ್ಲಿ ಲೊದೋಸಾ ಅಂತ ಊರು. ನಮ್ಮ ಬ್ಯಾಡಗಿಗೆ ಜಿಐ ಸಿಕ್ಕಿದ ಹಾಗೆ ಅಲ್ಲಿನ ಪಿಕಿಯೊ ಮೆಣಸಿಗೂ ಊರಿನ ಹೆಸರಿನ ರಕ್ಷಣೆ ಇದೆ, 1987ರಿಂದ. ನೇರ ಬೆಂಕಿಯಲ್ಲಿ ಸುಡಬೇಕು, ಸಿಪ್ಪೆ ತೆಗೆಯುವಾಗ ನೀರಲ್ಲಿ ತೊಳೆಯಬಾರದು ಅಂತ ಅವರ ನಿಯಮ. ತೊಳೆದರೆ ಸುಟ್ಟ ಘಮವೂ ರಸವೂ ಹೋಗುತ್ತದೆ. ತೊಳೆಯದಿದ್ದರೆ ಚುಕ್ಕೆ ಉಳಿಯುತ್ತದೆ. ಯಾರನ್ನಾದರೂ ದೂರುವ ಮೊದಲು ಒಂದು ಚೂರು ಬಾಯಿಗೆ ಹಾಕಿ ನೋಡಬಹುದಿತ್ತು. ಹಾಕಲಿಲ್ಲ. ಅದೇ ನನಗೆ ಜಾಸ್ತಿ ಉರಿಯುವುದು. ರುಚಿಯೇ ನೋಡದೆ ತೀರ್ಪು ಕೊಟ್ಟ.

ಸಾಲಿನಲ್ಲಿದ್ದ ಯಾರೋ "ಹೊರದೇಶದ ಹಳೇ ಮಾಲು ತಂದು ಇಲ್ಲಿ ಸುರಿಯುತ್ತಾರೆ" ಅಂದರು. ಸ್ವಾಮಿ, ಎಕ್ಸ್‌ಪೈರಿ ಹತ್ತಿರ ಬಂದ ಮಾಲನ್ನು ಬಂದರಿನಿಂದ ಹೊರಗೆ ಬಿಡುವುದೇ ಇಲ್ಲ. 2017ರ ಆಹಾರ ಆಮದು ನಿಯಮದಲ್ಲೇ ಅದಕ್ಕೆ ಲೆಕ್ಕ ಇದೆ. ಕೊಚ್ಚಿಯಲ್ಲಿ ಕಂಟೇನರ್ ಇಳಿದರೆ ಬೇಕೆನಿಸಿದರೆ ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸುತ್ತಾರೆ, ಎನ್‌ಒಸಿ ಅನ್ನುವ ಒಪ್ಪಿಗೆ ಪತ್ರ ಬಂದ ಮೇಲೆಯೇ ಬಿಡುಗಡೆ. ಆಮದುದಾರನ ಹೆಸರು, ವಿಳಾಸ, ಆಹಾರ ಸುರಕ್ಷತಾ ಪ್ರಾಧಿಕಾರದ ಎಫ್‌ಎಸ್‌ಎಸ್‌ಎಐ ನಂಬರು, ಹಸಿರು ಚುಕ್ಕೆ, ಎಲ್ಲ ಸ್ಟಿಕ್ಕರ್ ಬಂದರಿನಿಂದ ಬಿಡಿಸುವ ಮೊದಲೇ ಅಂಟಿಸಿರಬೇಕು. ಶೇ. 30 ಸುಂಕ, ಅದರ ಮೇಲೆ ಸರ್ಚಾರ್ಜ್, ಅದೆಲ್ಲ ಸೇರಿಸಿ ಜಿಎಸ್‌ಟಿ. ರೇಟು ಯಾಕೆ ಜಾಸ್ತಿ ಅಂತ ನಗುವವರು ಆ ಬಿಲ್ ಒಂದು ಸಲ ನೋಡಲಿ.

ಬಿಡಿ. ಹೇಳಿ ಪ್ರಯೋಜನ ಇಲ್ಲ. ದೊಡ್ಡ ಅಂಗಡಿ, ನಾನು ಚಿಕ್ಕವನು. ಜಗಳ ಆಡಿದರೆ ಶೆಲ್ಫಿನಲ್ಲಿ ಜಾಗ ಹೋಗುತ್ತದೆ. ಇನ್ನು ಮೆಣಸಿನ ಸಹವಾಸವೇ ಬೇಡ, ಆಲಿವ್, ಸ್ವೀಟ್ ಕಾರ್ನ್ ಮಾತ್ರ ಹಾಕಿಕೊಂಡು ಇರುತ್ತೇನೆ ಅಂತ ಮನೆಯಲ್ಲಿ ಹೇಳಿದೆ.

ಇಲ್ಲ, ಯಾಕೆ ಬಿಡಬೇಕು? ಗಲ್ಫಿನಿಂದ ಊರಿಗೆ ಬಂದವರು ಹುಡುಕಿಕೊಂಡು ಬಂದು ಇದನ್ನ ಒಯ್ಯುತ್ತಾರೆ. ಮಂಗಳೂರಿನ ಕೆಫೆಯವರು ಸ್ಯಾಂಡ್‌ವಿಚ್‌ಗೆ, ಪಿಜ್ಜಾಕ್ಕೆ ಬಾಕ್ಸುಗಟ್ಟಲೆ ಕೇಳುತ್ತಾರೆ. ಅವರಿಗೆ ಹುಳ ಕಾಣಲಿಲ್ಲ, ಇವನೊಬ್ಬನಿಗೆ ಕಂಡಿತಾ? ಅಷ್ಟು ಅವಮಾನ ಮಾಡಿ, ಹೊರಡುವಾಗ ಕೈಗೆ ಒಂದು ಡೆಬಿಟ್ ನೋಟ್ ಕೊಟ್ಟ, ಅಂದರೆ ನಿನ್ನ ಲೆಕ್ಕದಲ್ಲಿ ಇಷ್ಟು ದುಡ್ಡು ಮುರಿದಿದ್ದೇವೆ ಅನ್ನುವ ಚೀಟಿ. ಅವನೇ ತೆರೆದ ಬಾಟ್ಲಿಗಳದ್ದು ಮಾತ್ರ ಅಲ್ಲ, ಸೀಲ್ ಒಡೆಯದ ಇಡೀ ದಾಸ್ತಾನಿನದ್ದು. ದುಡ್ಡನ್ನು ನನ್ನ ಆಲಿವ್ ಬಿಲ್ಲಿನಲ್ಲಿ ಮುರಿದುಕೊಂಡಿದ್ದಾನೆ. ಮಾಲು ಮಾತ್ರ ಇನ್ನೂ ಅವನ ಗೋದಾಮಿನಲ್ಲೇ ಇದೆ, ಹೊರಗೆ ತಂದು ಕೊಡಲಿಕ್ಕೂ ಹುಡುಗರಿಲ್ಲವಂತೆ. ಅಂಗಡಿಯ ಧಣಿಗಳಿಗೆ ಫೋನ್ ಮಾಡಿದೆ. "ಮ್ಯಾನೇಜರ್ ಹತ್ತಿರ ಮಾತಾಡಿ" ಅಂದು ಇಟ್ಟುಬಿಟ್ಟರು.

ಅಂಗಡಿಗಳಿಗೆ ಮಾಲು ಹಾಕುವವರು ಇದನ್ನ ಓದುತ್ತಿದ್ದರೆ ದಯವಿಟ್ಟು ಹೇಳಿ. ಸೀಲ್ ಒಡೆಯದ ಮಾಲಿಗೆ ಡೆಬಿಟ್ ನೋಟ್ ಹಾಕಿದರೆ ನೀವು ಒಪ್ಪುತ್ತೀರಾ? ಮಾಲು ವಾಪಸ್ ಕೊಡದೆ ದುಡ್ಡು ಮುರಿದುಕೊಳ್ಳಬಹುದಾ? ನಾಳೆ ಆ ನೋಟನ್ನು ಒಪ್ಪುವುದಿಲ್ಲ ಅಂತ ಬರೆದು ಕಳಿಸುವವನಿದ್ದೇನೆ. ಹೀಗೆ ಬರೆದು ದುಡ್ಡು ವಾಪಸ್ ಪಡೆದವರು ಒಬ್ಬರಾದರೂ ಇದ್ದರೆ, ಏನಂತ ಬರೆದಿರಿ ಅಂತ ತಿಳಿಸಿ.