ಡಿಸ್ಚಾರ್ಜ್ ಚೀಟಿಯ ಕೊನೇ ಸಾಲು

ಇವತ್ತು ಅಡ್ಮಿಷನ್‌ಗೆ ಒಂದು ಮಗು ಬಂದಿತ್ತು, ಆವಾಗಿಂದ ತಲೆ ಕೆಟ್ಟು ಹೋಗಿದೆ. ನಾನು ಅಂಧ ಮಕ್ಕಳ ಶಾಲೆ ಟೀಚರ್ ಅಂತ ನಿಮಗೆಲ್ಲ ಗೊತ್ತೇ ಇದೆ, ಕಣ್ಣು ಕಾಣದ ಮಕ್ಕಳನ್ನ ನೋಡಿ ಅಯ್ಯೋ ಪಾಪ ಅನ್ನೋಳಲ್ಲ ನಾನು, ಆದ್ರೆ ಇವತ್ತು ಸಿಟ್ಟು ತಡ್ಕೊಳಕ್ಕೆ ಆಗ್ಲಿಲ್ಲ.

ಆ ತಾಯಿ ಎಲ್ಲಾ ಕಾಗದಾನೂ ಪ್ಲಾಸ್ಟಿಕ್ ಕವರ್‌ನಲ್ಲಿ ಜೋಪಾನವಾಗಿ ಇಟ್ಕೊಂಡು ಬಂದಿದ್ರು. ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟು, ಒಂದೂ ತಪ್ಪದೆ ಹಾಕ್ಸಿರೋ ಲಸಿಕೆ. ಮಗು ಏಳು ತಿಂಗಳಿಗೇ ಹುಟ್ಟಿದ್ದು, ಒಂದೂಕಾಲು ಕೆಜಿ. ಡಿಸ್ಚಾರ್ಜ್ ಚೀಟಿ ಕಟ್ಟಕಡೇಲಿ, ಔಷಧಿ ಹೆಸರುಗಳ ಕೆಳಗೆ, ಇಂಗ್ಲಿಷ್‌ನಲ್ಲಿ ಮೂರೇ ಪದ: ಆರ್‌ಒಪಿ ಸ್ಕ್ರೀನಿಂಗ್ ಅಡ್ವೈಸ್ಡ್. ಅಂದ್ರೆ, ದಿನ ತುಂಬದೆ ಹುಟ್ಟಿದ ಮಕ್ಕಳಿಗೆ ಬರೋ ಅಕ್ಷಿಪಟದ (ಕಣ್ಣಿನ ಒಳಗಿನ ಪರದೆ, ರೆಟಿನಾ) ಕಾಯಿಲೆ ಇದೆಯಾ ಅಂತ ಪರೀಕ್ಷೆ ಮಾಡಿಸಿ ಅಂತ. ಯಾವಾಗ, ಎಲ್ಲಿ, ಯಾಕೆ, ಏನೂ ಇಲ್ಲ. "ಯಾರೂ ಹೇಳ್ಲಿಲ್ಲ ಮೇಡಂ, ತೂಕ ಹೆಚ್ಚಾಗ್ಲಿ ಅಂದ್ರು ಅಷ್ಟೇ" ಅಂದ್ರು. ನಾಲ್ಕು ತಿಂಗಳಾದ್ರೂ ಮಗು ಮುಖ ನೋಡಿ ನಗ್ತಿಲ್ಲ ಅಂತ ಕಣ್ಣಾಸ್ಪತ್ರೆಗೆ ಹೋದಾಗ ಎರಡೂ ಕಣ್ಣಿನ ಅಕ್ಷಿಪಟ ಕಳಚ್ಕೊಂಡಿತ್ತು. ನಾವು ಮಾತಾಡ್ತಿದ್ದಷ್ಟು ಹೊತ್ತೂ ಮಗು ಮುಷ್ಟಿ ಕಟ್ಟಿ ಕಣ್ಣು ಒತ್ಕೋತಾನೇ ಇತ್ತು.

ದಿನ ತುಂಬದೆ ಹುಟ್ಟಿದ ಮಗೂಗೆ ಅಕ್ಷಿಪಟದ ರಕ್ತನಾಳ ಪೂರ್ತಿ ಬೆಳೆದಿರಲ್ಲ, ಹುಟ್ಟಿದ್ಮೇಲೆ, ಅದ್ರಲ್ಲೂ ಆಕ್ಸಿಜನ್ ಅಳತೆ ಮೀರಿದ್ರೆ, ಅವು ಅಡ್ಡಾದಿಡ್ಡಿ ಬೆಳೆದು ಅಕ್ಷಿಪಟಾನೇ ಎಳೆದು ಕಿತ್ತುಬಿಡಬಹುದು. ಹೊರಗಿಂದ ಕಣ್ಣು ಚೆನ್ನಾಗೇ ಕಾಣುತ್ತೆ, ಹೆತ್ತೋರಿಗೆ ಹೇಗ್ರೀ ಗೊತ್ತಾಗ್ಬೇಕು? 34 ವಾರಕ್ಕೆ ಮುಂಚೆ ಹುಟ್ಟಿದ್ರೆ ಅಥವಾ 2 ಕೆಜಿಗಿಂತ ಕಮ್ಮಿ ಇದ್ರೆ 30 ದಿನದೊಳಗೆ, ತೀರಾ ಪುಟ್ಟದಾಗಿದ್ರೆ ಇನ್ನೂ ಬೇಗ, ಡ್ರಾಪ್ಸ್ ಹಾಕಿ ಕಣ್ಣಿನ ಒಳಗೆ ನೋಡ್ಬೇಕು. ಟೈಮಿಗೆ ಸರಿಯಾಗಿ ಲೇಸರ್ ಮಾಡಿದ್ರೆ ಹೆಚ್ಚಿನ ಮಕ್ಕಳಿಗೆ ದೃಷ್ಟಿ ಉಳಿಯುತ್ತೆ.

ಹಿಂದೆ ಮಕ್ಕಳ ಕಣ್ಣು ಹೋಗ್ತಿದ್ದಿದ್ದು ಎ ವಿಟಮಿನ್ ಕೊರತೆಯಿಂದ, ದಡಾರದಿಂದ. 1970ರಲ್ಲಿ ಶುರುವಾದ ಎ ವಿಟಮಿನ್ ಹನಿ, ಆಮೇಲೆ ಲಸಿಕೆ, 2017ರಲ್ಲಿ ಕರ್ನಾಟಕಕ್ಕೂ ಬಂದ ದಡಾರ-ರುಬೆಲ್ಲಾ ಲಸಿಕೆ, ಇದಕ್ಕೆಲ್ಲ ಆಶಾ ಕಾರ್ಯಕರ್ತೆಯರು ಮನೆಮನೆ ಸುತ್ತಿದಾರೆ. ಈಗ ಜಿಲ್ಲೆಜಿಲ್ಲೆಗೂ ಹಸುಗೂಸುಗಳ ತೀವ್ರ ನಿಗಾ ಘಟಕ, ಅಂದ್ರೆ ಎನ್‌ಐಸಿಯು ಬಂದು ಒಂದು ಕೆಜಿ ಮಗೂನೂ ಉಳೀತಿದೆ, ತುಂಬಾ ಸಂತೋಷ, ಆದ್ರೆ ಉಳಿಸಿದ ಮಗೂನ ಕಣ್ಣು ತೋರಿಸಿ ಅಂತ ಬಾಯ್ಬಿಟ್ಟು ಹೇಳಕ್ಕೆ ಏನು ಕಷ್ಟ?

ಕೆಲಸದ ಒತ್ತಡ, ನರ್ಸ್‌ಗಳು ಕಮ್ಮಿ, ಜೀವ ಉಳಿಸಿದ್ದೇ ಹೆಚ್ಚು ಅಂತಾರೆ. ಒತ್ತಡ ಇರೋದು ನಿಜ, ನಾನೂ ನೋಡಿದೀನಿ. ಆದ್ರೆ ಬಿಲ್ ಎಲ್ಲಿ ಕಟ್ಬೇಕು ಅಂತ ಎರಡೆರಡು ಸಲ ಹೇಳಕ್ಕೆ ಟೈಮಿರುತ್ತಲ್ಲ? ಕಣ್ಣು ಡಾಕ್ಟ್ರು ಊರಲ್ಲಿಲ್ಲ ಅನ್ನೋದೂ ನಾನು ಒಪ್ಪಲ್ಲ. ಬೆಂಗಳೂರಿನ ನಾರಾಯಣ ನೇತ್ರಾಲಯದೋರು 2008ರಿಂದ ಕಿಡ್‌ರಾಪ್ ಅಂತ ನಡೆಸ್ತಿದಾರೆ, ಟೆಕ್ನಿಷಿಯನ್‌ಗಳೇ ಕ್ಯಾಮೆರಾ ತಗೊಂಡು ಜಿಲ್ಲಾ ಆಸ್ಪತ್ರೆಗಳಿಗೆ ಹೋಗಿ ಮಗುವಿನ ಕಣ್ಣಿನ ಫೋಟೋ ತೆಗೀತಾರೆ, ಡಾಕ್ಟ್ರು ದೂರದಲ್ಲಿ ಕೂತೇ ನೋಡಿ ಹೇಳ್ತಾರೆ. ತಮಿಳುನಾಡಿನ ಒಂದು ಹುಡುಗಿ ಇದೇ ಥರ ಕಣ್ಣು ಕಳ್ಕೊಂಡ ಕೇಸಲ್ಲಿ 2015ರಲ್ಲಿ ಸುಪ್ರೀಂ ಕೋರ್ಟ್ ಸುಮಾರು 1.8 ಕೋಟಿ ಪರಿಹಾರ ಕೊಡಿಸ್ತು. ಅಷ್ಟಾದ್ಮೇಲೂ ಚೀಟಿ ಕೊನೇಲಿ ಮೂರು ಪದ!

ಇದನ್ನ ಓದ್ತಿರೋರಲ್ಲಿ ಎನ್‌ಐಸಿಯು ಕೆಲಸದೋರು ಇದೀರ. ಕೈ ಮುಗಿದು ಕೇಳ್ತೀನಿ, ಯಾವ ತಾರೀಖು, ಯಾವ ಆಸ್ಪತ್ರೆ ಅಂತ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು, ಅಜ್ಜಿಗೂ ಓದಿ ಹೇಳಿ. ಬಾಣಂತಿ ಮಗೂನ ಮನೆಯಿಂದ ಹೊರಗೆ ಕಳಿಸ್ಬೇಕಾ ಬೇಡ್ವಾ ಅಂತ ತೀರ್ಮಾನ ಮಾಡೋದು ಅವರೇ.