ಚುರುಕು ಮುಟ್ಟಿದ ನಗರ

2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿ ಬಿಟ್ಟಾಗ, 20 ಊರುಗಳಲ್ಲಿ ಕರ್ನಾಟಕದವು ಎರಡೇ. ಒಂದು ಬೆಳಗಾವಿ, ಇನ್ನೊಂದು ನಮ್ಮ ದಾವಣಗೆರೆ. ಹುಬ್ಬಳ್ಳಿಯಿಲ್ಲ, ಮಂಗಳೂರಿಲ್ಲ, ಬೆಂಗಳೂರೂ ಇಲ್ಲ! ಆ ಖುಷಿಯಲ್ಲಿ ಸ್ಮಾರ್ಟ್ ಅಂದರೇನು ಅಂತ ಯಾರೂ ಕೇಳಲಿಲ್ಲ. ಬುದ್ಧಿವಂತ ಅಂತ ಕೆಲವರು, ಠಾಕುಠೀಕು ಅಂತ ಕೆಲವರು ಅಂದುಕೊಂಡು ಮಂಡಕ್ಕಿ ಮೆಣಸಿನಕಾಯಿ ತಿಂದು ಮನೆಗೆ ಹೋದರು.

ಹಳೆಯ ಇಂಗ್ಲಿಷಿನಲ್ಲಿ ಸ್ಮಾರ್ಟ್ ಅಂದರೆ ನೋವು, ಉರಿ. ಜರ್ಮನ್ ಭಾಷೆಯ ‘ಶ್ಮೆರ್ಟ್ಸ್’ ಇದರ ದಾಯಾದಿ. ಅಲ್ಲಿ ಅದಕ್ಕೆ ಇಂದಿಗೂ ನೋವೆಂದೇ ಅರ್ಥ. ಮೊದಲು ಚುರ್ರೆನ್ನಿಸುವ ಏಟು ಸ್ಮಾರ್ಟ್ ಆಯಿತು, ಆಮೇಲೆ ಚುಚ್ಚುವ ಮಾತು, ಆಮೇಲೆ ಹಾಗೆ ಮಾತಾಡಬಲ್ಲ ಜಾಣ. ಇಸ್ತ್ರಿ ಅಂಗಿಯವನ ಸರದಿ ಬಂದದ್ದು ಅದಕ್ಕೂ ಆಮೇಲೆ. ಬಾಂಬು, ಫೋನುಗಳಿಗೆ ಈ ಹೆಸರು ಅಂಟಿದ್ದು ಮೊನ್ನೆ ಮೊನ್ನೆ, ಕಳೆದ ಶತಮಾನದಲ್ಲಿ.

ಕನ್ನಡದವರಿಗೆ ಇದೇನು ಹೊಸದಲ್ಲ. ಹುಡುಗ ಚುರುಕು, ಬಿಸಿಲು ಚುರುಕು, ಮಾತು ಕೇಳದಿದ್ದರೆ ಮುಟ್ಟಿಸುವುದೂ ಚುರುಕೇ. ‘ಚುರುಕು ನಗರ’ ಅಂತ ಬೋರ್ಡ್ ಬರೆಸಿದ್ದರೆ ಜನ ಆವತ್ತೇ ಹುಷಾರಾಗುತ್ತಿದ್ದರು.

ಸರ್ಕಾರವಂತೂ ಮಾತು ತಪ್ಪಿಲ್ಲ. ರಸ್ತೆ ಹಾಕುತ್ತಾರೆ, ಪೈಪಿಗೆಂದು ಅಗೆಯುತ್ತಾರೆ, ಮುಚ್ಚುತ್ತಾರೆ, ಕೇಬಲ್ಲು ನೆನಪಾಗಿ ಮತ್ತೆ ಅಗೆಯುತ್ತಾರೆ. ಆ ಧೂಳು ಕಣ್ಣಿಗೆ ಹೊಡೆದಾಗ ಆಗುವುದು ಅಪ್ಪಟ ಹಳೆಯ ಇಂಗ್ಲಿಷಿನ ಸ್ಮಾರ್ಟು. ಮಿರ್ಚಿ ಅಂಗಡಿಯ ಯಜಮಾನರಿಗೆ ಈ ಅರ್ಥ ಬಿಡಿಸಿ ಹೇಳಿದೆ. ಬಾಣಲೆಯಿಂದ ತಲೆ ಎತ್ತದೆ ಅಂದರು: “ಹಂಗಾರೆ ಕಣ್ಣು ಸ್ಮಾರ್ಟ್ ಆಗ್ಯಾವೆ ಬಿಡ್ರಿ. ಸೊಂಟದ್ದು ಕಾಮಗಾರಿ ಪ್ರಗತಿಯಲ್ಲೈತೆ.”

ಯೋಜನೆ 2025ರ ಮಾರ್ಚ್ 31ಕ್ಕೆ ಮುಗಿಯಿತು. ಪದ ಮಾತ್ರ ಊರು ಬಿಡಲಿಲ್ಲ. ಅದೇ ವರ್ಷ ಹೊಸ ವಿದ್ಯುತ್ ಸಂಪರ್ಕಕ್ಕೆ ಸ್ಮಾರ್ಟ್ ಮೀಟರ್ ಕಡ್ಡಾಯವಾಯಿತು. ಸಾವಿರದೊಳಗೆ ಸಿಗುತ್ತಿದ್ದ ಸಿಂಗಲ್ ಫೇಸ್ ಮೀಟರಿಗೆ 5 ಸಾವಿರದ ಆಸುಪಾಸು. ಬುದ್ಧಿ ಮೀಟರಿನದು, ಉರಿ ಗ್ರಾಹಕನದು. ಎರಡೂ ಅರ್ಥ ಒಂದೇ ರಸೀದಿಯಲ್ಲಿ. ಇಷ್ಟು ಭಾಷಾಪ್ರೇಮ ಯಾವ ವಿಶ್ವವಿದ್ಯಾಲಯಕ್ಕಿದೆ ಹೇಳಿ?

ಕೋಚಿಂಗ್ ಕ್ಲಾಸು, ಚಪ್ಪಲಿ ಅಂಗಡಿ ಎಲ್ಲವಕ್ಕೂ ಈಗ ಇದೇ ಹೆಸರು. ನನಗೆ ನಂಬಿಕೆ ಇರುವುದು ಸ್ಮಾರ್ಟ್ ಸಲೂನಿನವನ ಮೇಲೆ ಮಾತ್ರ. ಗಡ್ಡ ತೆಗೆದು ಮುಖ ಠೀಕು ಮಾಡಿ, ಕೊನೆಗೆ ಪಟಿಕ ಸವರಿ ಉರಿಯನ್ನೂ ಕೊಟ್ಟು ಕಳಿಸುತ್ತಾನೆ. ಟೆಂಡರ್ ಕರೆಯದೆ, ಕಾಲು ಗಂಟೆಯೊಳಗೆ.