ಸ್ಪಷ್ಟನೆ: ಬಿಸಿ ಜಾಸ್ತಿ ಇದ್ದರೆ ರುಚಿ ಜಾಸ್ತಿ ಅಲ್ಲ

‘ಒಣ ಎಲೆಯ ವೇಪರೈಸರ್ (ಎಲೆಯನ್ನು ಸುಡದೆ ಬಿಸಿಮಾಡಿ ಆವಿ ಎಳೆದುಕೊಳ್ಳುವ ಸಾಧನ) ಕೊಳ್ಳುವಾಗ ಅತಿ ಹೆಚ್ಚು ಬಿಸಿಯಾಗುವುದನ್ನೇ ಆರಿಸಿ, ರುಚಿ ಚೆನ್ನಾಗಿರುತ್ತೆ. ತುಳಸಿ, ಪುದೀನ ಹಾಕಿದರೆ ಕಾನೂನಿನ ತೊಂದರೆಯೂ ಇಲ್ಲ’ ಅನ್ನುವ ಮೆಸೇಜ್ ಓಡಾಡುತ್ತಿದೆ. ಎರಡೂ ತಪ್ಪು.

ಘಮ ಕೊಡುವುದು ಎಲೆಯೊಳಗಿನ, ಬಿಸಿಗೆ ಆವಿಯಾಗುವ ಸುವಾಸನೆಯ ಅಂಶಗಳಾದ ಟರ್ಪೀನ್‌ಗಳು. ಅವುಗಳಲ್ಲಿ ಪೈನ್ ಮರದ ಘಮದ ಪೈನೀನ್ ಸುಮಾರು 156 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ಕಿತ್ತಳೆ ಸಿಪ್ಪೆಯ ಘಮದ ಲಿಮೊನೀನ್ 176ರಲ್ಲಿ. ಬಿಸಿ ತೀರಾ ಏರಿಸಿದರೆ ಇವು ಬೇಗ ಹಾರಿಹೋಗಿ, ಕಪ್ಪಾದ ಎಲೆಯ ಸೀದ ವಾಸನೆಯೇ ಬಾಯಿಗೆ ಬರುತ್ತದೆ. ಬಿಸಿ ಲೋಹಕ್ಕೆ ತಾಗಿದ ಎಲೆಯಂತೂ ಮೊದಲೇ ಸೀಯುತ್ತದೆ. ರುಚಿಗೆ ಬೇಕಾದದ್ದು ಹದವಾದ ಬಿಸಿಗಾಳಿ.

ಇನ್ನು ಕಾನೂನು. 2019ರ ಇ-ಸಿಗರೇಟ್ ನಿಷೇಧ ಕಾಯ್ದೆ ನಿಕೋಟಿನ್ ಇಲ್ಲದ ಇಂಥ ಎಲೆಕ್ಟ್ರಾನಿಕ್ ಸಾಧನಗಳನ್ನೂ ಸೇರಿಸಿಕೊಂಡಿದೆ. ಭಾರತದಲ್ಲಿ ಇವುಗಳ ಮಾರಾಟ, ಆಮದು, ಜಾಹೀರಾತು ನಿಷಿದ್ಧ. ಒಳಗೆ ತುಳಸಿ ಇದೆ ಅಂದ ಮಾತ್ರಕ್ಕೆ ಬಿಡುವುದಿಲ್ಲ! ಆ ಮೆಸೇಜನ್ನು ಸುಮ್ನೆ ಫಾರ್ವರ್ಡ್ ಮಾಡಬೇಡಿ.